ಮೇಲಿನ ಮನೆಯ ನಳ

“ಇನ್ನೇನ್ ಉಳದೈತಿ ಹೇಳಾಕ?”

ಗದಿಗೆಪ್ಪ ಹೀಗೆ ಕೇಳಿದ್ದು ನನ್ನನ್ನಲ್ಲ. ನಾನು ಆಗಿನ್ನೂ ಹೊಸ್ತಿಲಾಚೆ ಚಪ್ಪಲಿ ಬಿಡುತ್ತಿದ್ದೆ, ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೂರಿ ಕೂತು ನಳದ ಕೊಳವೆಗೆ ಗೋಣಿಪಟ್ಟಿ ಸುತ್ತುತ್ತಿದ್ದ. ಸುತ್ತಿನ ಮೇಲೆ ಸುತ್ತು ಹಾಕಿ, ಹಲ್ಲಿನಿಂದ ಹುರಿ ಕಚ್ಚಿ ಬಿಗಿಯುತ್ತ ಆ ಮಾತು ಅಂದ. ಉತ್ತರ ಬರುತ್ತದೆಂದು ಅಂದದ್ದಲ್ಲ. ಭಾರ ಎತ್ತುವವನು ಉಸಿರು ಬಿಡುವಂತೆ ಅಂದ. ನಾನು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು, ಆಮೇಲೆ ಕೆಮ್ಮಿ ಒಳಗೆ ಹೋದೆ. ಆ ಚಳಿಗಾಲಕ್ಕೆ ಅವನ ಮನೆಗೆ ಕಿವಿಯಾಗಿ ನನ್ನನ್ನು ಓಣಿಯವರು ಗೊತ್ತುಮಾಡಿದ್ದರು.

ನಮ್ಮ ಊರು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಮ್ಮವರು ಬೆಟ್ಟದ ಕಡೆ ಕೈ ಮಾಡಿ ಸುಮ್ಮನಾಗುತ್ತಾರೆ. ಕಾರ್ತಿಕದ ದೀಪ ಆರಿದ ಮೇಲೆ ಆ ಬೆಟ್ಟದಿಂದ ಗಾಳಿ ಇಳಿಯುತ್ತದೆ. ಇಳಿಯುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಗೋಡೆಯ ಸಂದಿಗೆ ಹರಕು ಅರಿವೆ ತುರುಕಿ ಮೇಲೆ ಸಗಣಿಮಣ್ಣು ಮೆತ್ತಬೇಕು. ಕೊಳವೆಗೆ ಗೋಣಿ ಸುತ್ತಬೇಕು. ಕೊಳವೆ ಬಾಗುವ ಕಡೆ ಹಲಗೆಯ ಪೆಟ್ಟಿಗೆ ಕಟ್ಟಿ ಒಣಬೂದಿ ತುಂಬಬೇಕು, ಏಕೆಂದರೆ ನೀರು ಮೊದಲು ಕಲ್ಲಾಗುವುದು ತಿರುವಿನಲ್ಲೇ. ಸಂಜೆಯಾದರೆ ನಳವನ್ನು ಪೂರ್ತಿ ಬಿಗಿಯದೆ, ದಾರದಷ್ಟು ನೀರು ಇಳಿಯಲು ಬಿಡಬೇಕು. ಇಷ್ಟು ಮಾಡದವರನ್ನು ನಾವು ಮೈಗಳ್ಳರು ಎನ್ನುತ್ತೇವೆ. ಇಷ್ಟೇ ಮಾಡಿ ಸುಮ್ಮನೆ ಉಂಡು ಮಲಗಿದವರನ್ನು ಮರುದಿನ ಓಣಿಯೆಲ್ಲ ಸೇರಿ ಬೈಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಆ ಮನೆಯವರೊಬ್ಬರು ನಳದ ಮುಂದೆ ಕೂತು ಏನಾದರೂ ಹೇಳಬೇಕು, ಇನ್ನೊಬ್ಬರು ಕೂತು ಕೇಳಬೇಕು. ಹಾಗಾದರೆ ಬೆಳಗಿನವರೆಗೆ ನೀರು ಹರಿದಿರುತ್ತದೆ. ಹೇಳಿದ್ದು ಹೇಳಿದವರನ್ನು ಬಿಟ್ಟು ಹೋಗುತ್ತದೆ, ಕೇಳಿದವರಲ್ಲಿ ಉಳಿಯುತ್ತದೆ. ಒಮ್ಮೆ ಕೇಳಿದ್ದಕ್ಕೆ ನೀರು ಎರಡನೆಯ ಸಲ ಜಗ್ಗುವುದಿಲ್ಲ. ಬೇರೆ ಮನೆಯವರು ಬಂದು ಹೇಳಿದರೂ ಜಗ್ಗುವುದಿಲ್ಲ. ನಮ್ಮ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ.

ಅದಕ್ಕೇ ನಮ್ಮಲ್ಲಿ ಬೇಸಿಗೆಯೆಲ್ಲ ಜನ ಮಾತನ್ನು ಕೂಡಿಡುತ್ತಾರೆ. ಕೆರೆಯ ದಂಡೆಯಲ್ಲಿ ಒಬ್ಬಳು ಬಾಯಿ ತೆರೆದು, ನೆನಪಾಗಿ ಮುಚ್ಚಿಕೊಂಡು, ಇದನ್ನ ಚಳಿಗೆ ಇಡ್ತೀನಿ ಅಂದು ಕೊಡ ಎತ್ತಿಕೊಂಡು ಹೋಗುವುದು ದಿನದ ಮಾತು. ದಸರೆಯ ಆಚೀಚೆ ಊರಲ್ಲಿ ಜಗಳ ಹೆಚ್ಚು. ಎರಡು ಕಡೆಯವರಿಗೂ ಒಂದೊಂದು ವಾರದ ಮಾತು ಸಿಗುತ್ತದೆಂದು ಬೇಕೆಂದೇ ಕಾಲು ಕೆರೆಯುವವರಿದ್ದಾರೆ. ಹೆಣ್ಣು ನೋಡಲು ಹೋದವರು ಬಣ್ಣ ನೋಡುವ ಮೊದಲು ಹುಡುಗಿ ಎಷ್ಟು ಮಾತಾಡುತ್ತಾಳೆ ಎಂದು ನೋಡುತ್ತಾರೆ. ಬಾಯಿಬಡಕಿ ಸೊಸೆ ಬಂದರೆ ಕೆಲವು ಚಳಿಗಾಲ ಅತ್ತೆಗೆ ಆರಾಮ. ತವರಿನ ಹಿತ್ತಲು, ತವರಿನ ಎಮ್ಮೆ, ಚಿಕ್ಕಪ್ಪನ ಕುಡಿತ, ಸತ್ತ ತಂಗಿ, ಎಲ್ಲವನ್ನೂ ಆಕೆ ಒಂದೊಂದಾಗಿ ನಳಕ್ಕೆ ಹೇಳುತ್ತಾಳೆ. ಆಮೇಲೆ ಒಂದು ಯುಗಾದಿಗೆ ಅಣ್ಣ ಕರೆಯಲು ಬಂದು ಬಾಗಿಲಲ್ಲಿ ನಿಂತರೆ ಯಾರು ಬೇಕಾಗಿತ್ತು ಎಂದು ಕೇಳುತ್ತಾಳೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಅಣ್ಣಂದಿರೂ ತಿಳಿದೇ ಬರುತ್ತಾರೆ, ಕೂತು ನೀರು ಕುಡಿದು, ತಮ್ಮ ಹೆಸರು ಹೇಳಿ, ಹೋಗುತ್ತಾರೆ.

ನನ್ನ ಅಜ್ಜ ಗುಡಿಯ ಪಡಸಾಲೆಯಲ್ಲಿ ಕಾವ್ಯ ಓದುತ್ತಿದ್ದ. ಓದುತ್ತಿದ್ದ ಅಂದರೆ ಹಾಡುತ್ತಿದ್ದ, ಪುಸ್ತಕ ಮುಂದಿದ್ದರೂ ನೋಡುತ್ತಿರಲಿಲ್ಲ. ನಾನು ಹುಟ್ಟಿದ ಮೇಲೆ ಮೊದಲು ಕೇಳಿದ್ದು ತಾಯಿಯ ಜೋಗುಳವೋ ಅಜ್ಜನ ಷಟ್ಪದಿಯೋ ನನಗೆ ತಿಳಿಯದು. ಹೆಣ್ಣುಮಕ್ಕಳು ಪಡಸಾಲೆಗೆ ಹೋಗುತ್ತಿರಲಿಲ್ಲವಾದ್ದರಿಂದ ನಾನು ಮನೆಯ ಬಾಗಿಲ ಹಿಂದೆ ಕೂತು, ಅಜ್ಜ ಬೆಳಗ್ಗೆ ದೇವರ ಮುಂದೆ ಗುನುಗುವುದನ್ನು ಕೇಳಿ ಕಲಿತೆ. ಒಂದು ವರ್ಷ ಚಳಿ ಹೋಗಲೇ ಒಲ್ಲೆನೆಂದಿತು. ಮನೆಯಲ್ಲಿ ಎಲ್ಲರ ಮಾತೂ ತೀರಿತು. ಆಗ ಅಜ್ಜ ಎಲೆಅಡಿಕೆ ಉಗುಳಿ ಬಾಯಿ ತೊಳೆದುಕೊಂಡು ನಳದ ಮುಂದೆ ಕೂತ, ನಾನು ಎದುರು ಕೂತೆ. ಸಂಧಿಯ ಮೇಲೆ ಸಂಧಿ ಹರಿದು ಹೋಯಿತು. ನಮ್ಮ ಮನೆ ಆ ವರ್ಷ ಆ ಪದ್ಯಗಳಿಂದ ಬದುಕಿತು. ಯುಗಾದಿಯ ದಿನ ಪಡಸಾಲೆಯಲ್ಲಿ ಜನ ಸೇರಿದರು. ಅಜ್ಜ ಶಾಲು ಹೊದ್ದು ಕೂತು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದು ಹಾಗೇ ಇದ್ದ. ಆಮೇಲೆ ಅವನು ಬದುಕಿದಷ್ಟು ದಿನ ಬೆಳಗ್ಗೆ ದೇವರ ಮುಂದೆ ಹಾಡುವವಳು ನಾನಾದೆ. ಅವನು ಕೇಳುತ್ತಿದ್ದ, ಚೆನ್ನಾದ ಜಾಗ ಬಂದರೆ ತಲೆದೂಗುತ್ತಿದ್ದ, ಆದರೆ ಯಾರ ಮನೆಯದೋ ಹಾಡು ಕೇಳುವವನ ಹಾಗೆ. ಈಗಲೂ ಹಾಡುತ್ತೇನೆ. ಸ್ವಾಮಿಗೆ ಬಿಟ್ಟು ಬೇರೆಯವರಿಗೆ ಹಾಡುವುದಿಲ್ಲ.

ಕೇಳಿ ಕೇಳಿಯೇ ನನಗೆ ಕಿವಿ ಎಂಬ ಹೆಸರು ಬಂತು. ಒಂಟಿ ಇರುವವರ ಮನೆಗೆ ಚಳಿಗಾಲದ ಸಂಜೆ ಹೋಗಿ ಕೂತು ಕೇಳುವುದೇ ನನ್ನ ಕೆಲಸ. ಕೂತವಳು ನಡುವೆ ಬಾಯಿ ಹಾಕಬಾರದು, ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ಮೊದಲ ಸಂಜೆ ಯಾರು ಕೂರುತ್ತಾರೋ ಆ ಚಳಿಗಾಲಕ್ಕೆ ಆ ನಳಕ್ಕೆ ಅವರದೇ ಕಿವಿ, ನಡುವೆ ಬದಲಿಸಿದರೆ ನಡೆಯುವುದಿಲ್ಲ. ನಾನು ಎಂದೂ ಯಾರ ಮಾತನ್ನೂ ಕೇಳಲಾರೆ ಅಂದವಳಲ್ಲ. ಕೊಂದದ್ದನ್ನು ಕೇಳಿದ್ದೇನೆ, ಕದ್ದದ್ದನ್ನು ಕೇಳಿದ್ದೇನೆ. ಹೇಳಿದವರು ಹಗುರಾಗಿ ಎದ್ದು ಹೋಗುತ್ತಾರೆ. ನಾನು ಮನೆಗೆ ಹೋಗಿ ಕೈಕಾಲು ತೊಳೆದು ದೇವರ ಮುಂದೆ ಕೂರುತ್ತೇನೆ.

ಗದಿಗೆಪ್ಪನ ಮನೆ ನಮ್ಮ ಓಣಿಯ ಮೇಲಿನ ತುದಿಯದು. ಕೊಳವೆ ಬೆಟ್ಟದಿಂದ ಇಳಿದು ಮೊದಲು ಅವನ ಅಡುಗೆಮನೆ ಹೊಕ್ಕು, ಅಲ್ಲಿಂದ ಗೋಡೆ ಗೋಡೆ ಹಾಯ್ದು ಒಂದೊಂದೇ ಮನೆ ಇಳಿದು, ಕೊನೆಗೆ ನನ್ನ ತಮ್ಮನ ಮನೆಗೆ ಬಂದು ಮುಗಿಯುತ್ತದೆ. ನಾನಿರುವುದು ಆ ಮನೆಯಲ್ಲಿ. ಮೇಲಿನದು ಕಲ್ಲಾದರೆ ಕೆಳಗಿನವರೆಲ್ಲ ಒಣಗುತ್ತಾರೆ. ನೀರಿಲ್ಲದ ಓಣಿಯವರು ಮಕ್ಕಳುಮರಿ ಕಟ್ಟಿಕೊಂಡು ಕೆರೆಯ ಪಕ್ಕದ ತಗಡಿನ ಛಾವಣಿಗೆ ಹೋಗಿ ಯುಗಾದಿವರೆಗೆ ಇರಬೇಕು. ಒಂದು ಸಲ ನೇಕಾರ ಓಣಿಯವರು ಹಾಗೆ ಹೋದದ್ದು ನಾನು ನೋಡಿದ್ದೇನೆ. ಹೋದಷ್ಟು ಜನ ಮರಳಿ ಬರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ತಮ್ಮನ ಸೊಸೆ ಬಾಣಂತಿ. ಕೂಸು ಕಾರ್ತಿಕದಲ್ಲೇ ಹುಟ್ಟಿತ್ತು.

ಗದಿಗೆಪ್ಪ ತಗಡಿನ ಕೆಲಸದವನು. ಡಬ್ಬಿ, ಲಾಳಿಕೆ, ಎಣ್ಣೆಯ ಅಳತೆ ಪಾತ್ರೆ ಮಾಡುತ್ತಿದ್ದ. ಮಾಡಿದ್ದನ್ನು ಬುಟ್ಟಿಯಲ್ಲಿ ಹೊತ್ತು ಬೀದಿ ಬೀದಿ ಮಾರಿ ಬರುತ್ತಿದ್ದವಳು ಅವನ ಹೆಂಡತಿ ನಿಂಬೆವ್ವ. ಅವನು ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಊರನ್ನೆಲ್ಲ ಆಕೆಯೇ ಬುಟ್ಟಿಯಲ್ಲಿ ಹಾಕಿಕೊಂಡು ತರುತ್ತಿದ್ದಳು. ಆಕೆ ಮಾತು ಶುರುಮಾಡಿದರೆ ಅವನು ಸುತ್ತಿಗೆಯನ್ನು ಕೆಳಗಿಡುತ್ತಿದ್ದ. ತಗಡಿನ ಮೇಲೆ ಇಟ್ಟರೆ ಸಪ್ಪಳವಾದೀತೆಂದು ಮಡಿಸಿದ ಕಂಬಳಿಯ ಮೇಲೆ ಇಡುತ್ತಿದ್ದ, ಅದನ್ನು ನಾನೇ ನೋಡಿದ್ದೇನೆ. ಹೀಗಾಗಿ ಮೇಲಿನ ಮನೆಯ ನಳದ ಬಗ್ಗೆ ಓಣಿಗೆ ಎಂದೂ ಚಿಂತೆ ಇರಲಿಲ್ಲ. ಮಕ್ಕಳಾಗಲಿಲ್ಲ, ಅದೊಂದೇ ಕೊರತೆ. ಆ ವರ್ಷ ಶ್ರಾವಣದಲ್ಲಿ ಜ್ವರ ಬಂದು ನಿಂಬೆವ್ವ ಹೋದಳು. ಬೇಸಿಗೆಯಲ್ಲಿ ಆಕೆ ಕೂಡಿಟ್ಟ ಮಾತೆಲ್ಲ ಆಕೆಯ ಜೊತೆಗೇ ಹೋಯಿತು.

ಒಂಟಿಯಾದವರ ಮನೆಗೆ ಕಿವಿ ಕಳಿಸುವುದು ನಮ್ಮಲ್ಲಿ ರೂಢಿ. ಅದರಂತೆ ಓಣಿಯ ಹಿರಿಯ ಸಂಗಣ್ಣ ನನ್ನನ್ನು ಕಳಿಸಿದ. ಕಳಿಸುವಾಗ ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಆ ಮನೆಯಲ್ಲಿ ಇದ್ದದ್ದೇ ಒಂದು ಕಿವಿ. ಸತ್ತದ್ದು ಬಾಯಿ. ಕಿವಿಯ ಎದುರಿಗೆ ಇನ್ನೊಂದು ಕಿವಿಯನ್ನು ತಂದು ಕೂರಿಸಿದ್ದರು.

ಗೋಣಿ ಸುತ್ತಿ ಮುಗಿಸಿ ಆ ಮೊದಲ ಸಂಜೆ ಅವನು ನನಗೆ ಚಾಪೆ ಹಾಸಿ, ತಾನು ನೆಲದ ಮೇಲೆ ಕೂತು, ಬಹಳ ಹೊತ್ತು ಕೈ ಹೊಸೆದ. ನಳ ತೊಟ್ಟಿಕ್ಕುತ್ತಿತ್ತು. ಕೊನೆಗೆ ಕುಂಬಾರರ ಮನೆಯ ಆಕಳು ಗುಡಿಯೊಳಗೆ ನುಗ್ಗಿ ಪ್ರಸಾದ ತಿಂದ ಕತೆಯನ್ನು ಹೇಳತೊಡಗಿದ. ಚೆನ್ನಾಗಿಯೇ ಹೇಳಿದ, ಅಕ್ಷರ ಬಿಡದೆ, ನಿಂಬೆವ್ವ ಎಲ್ಲಿ ನಗುತ್ತಿದ್ದಳೋ ಅಲ್ಲಿ ತುಸು ನಿಂತು. ಆಕೆ ವರ್ಷಾನುವರ್ಷ ಹೇಳಿದ್ದೆಲ್ಲ ಅವನ ಬಳಿ ಹಾಗೇ ಇತ್ತು. ಆದರೆ ಅದೆಲ್ಲ ಅದೇ ನಳದ ಮುಂದೆ ಹೇಳಿದ್ದು. ಆಕಳು ಇನ್ನೂ ಗುಡಿಯ ಮೆಟ್ಟಿಲು ಇಳಿದಿರಲಿಲ್ಲ, ಅಷ್ಟರಲ್ಲಿ ತೊಟ್ಟಿಕ್ಕುವುದು ನಿಂತಿತು.

ಇಬ್ಬರೂ ಎದ್ದೆವು. ಕೊಳವೆ ಮುಟ್ಟಿದರೆ ಬೆರಳು ಅಂಟಿಕೊಂಡಿತು. ಒಲೆಯ ಮೇಲಿನ ಬಿಸಿನೀರಲ್ಲಿ ಅರಿವೆ ಅದ್ದಿ ಹಿಂಡಿ, ನಳದ ಬಾಯಿಯಿಂದ ಶುರುಮಾಡಿ ಹಿಂದಕ್ಕೆ, ಮೆಲ್ಲಗೆ, ಒತ್ತುತ್ತ ಹೋದೆವು. ಹೆದರಿ ಕೊಳ್ಳಿ ಹಿಡಿದವರ ಕೊಳವೆ ಒಡೆದು ಹೋದದ್ದು ಇಬ್ಬರಿಗೂ ಗೊತ್ತಿತ್ತು. ನಾನು ಬಾಯಿ ಹಾಕಬಾರದು, ಆದರೂ ಅಂದೆ: ಆಕೆ ಹೇಳದೇ ಇದ್ದದ್ದು ಏನಾದರೂ ನೆನಸಿಕೋ ತಮ್ಮಾ.

ಅವನು ಅರಿವೆ ಹಿಡಿದುಕೊಂಡೇ ಯೋಚಿಸಿದ. “ಆಕಿ ಊರಾಗಿಂದೆಲ್ಲಾ ಹೇಳಿದ್ಲು ಅಂಬಕ್ಕ. ತನ್ನದೊಂದೂ ಹೇಳಲಿಲ್ಲ.”

ಹಾಗೆ ಅಂದು, ತಾನು ಅಂದದ್ದು ತನಗೇ ಕೇಳಿಸಿದಂತೆ ಅರಿವೆ ಕೆಳಗಿಟ್ಟ. ನಿಂಬೆವ್ವನ ವಿಷಯ ಆ ನಳಕ್ಕೆ ಯಾರೂ ಹೇಳಿರಲಿಲ್ಲ. ಹೇಳುವವಳು ಆಕೆಯೇ ಆಗಿದ್ದಳಲ್ಲ. ಅವನ ಬಳಿ ಇದ್ದ ಹೊಸ ಮಾತು ಅಂದರೆ ಅದೊಂದೇ.

ಬಾಗಿಲಾಚೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಿತ್ತು. ಅವನು ಅದನ್ನು ಕೇಳುತ್ತ ಕೂತು, ಆಮೇಲೆ ನನ್ನ ಮುಖ ನೋಡದೆ ಅಂದ: “ಒಂದು ಬಿಟ್ಟು ಎಲ್ಲಾ ಕೊಡ್ತೇನಿ. ಕಡೀಕ ಜೀವ ಹೋಗೂ ಮುಂದ ಆಕಿ ನನ್ನ ಕೈ ಹಿಡಕೊಂಡು ಒಂದು ಮಾತಂದ್ಲು. ಅದು ಮಾತ್ರ ನಂದು. ಅದನ್ನ ಯಾರೂ ಕೇಳಬ್ಯಾಡ್ರಿ.”

ಆಗಲಿ ಎಂದು ತಲೆಯಾಡಿಸಿದೆ. ಆ ಸಂಜೆ ಅವನು ಕೊಟ್ಟದ್ದು ಮದುವೆಯ ದಿನದ್ದು. ಅಕ್ಷತೆ ಬೀಳುವಾಗ ನಿಂಬೆವ್ವನಿಗೆ ಸೀನು ಬಂದು, ಆಕೆ ತಡೆಯಲು ಹೋಗಿ, ಬಾಸಿಂಗ ಕಳಚಿ ಅವನ ತೊಡೆಯ ಮೇಲೆ ಬಿದ್ದದ್ದು. ಆಮೇಲೆ ಅವನೇ ಎತ್ತಿ ಕಟ್ಟಿದ್ದು, ಕಟ್ಟುವಾಗ ಆಕೆ ಮೊದಲ ಸಲ ಅವನ ಜೊತೆ ಮಾತಾಡಿದ್ದು. ಬಿಗಿ ಆತು, ಸಡಲ ಮಾಡು ಅಂದಿದ್ದಳು. ಹೇಳುವಾಗ ಅವನ ಮುಖದಲ್ಲಿ ಬೆಳಕಿತ್ತು. ನಳ ಒಂದೇ ಸಮನೆ ಇಳಿಯುತ್ತಿತ್ತು. ಕೆಳಗಿನ ಮನೆಗಳಿಂದ, ಗೋಡೆಯೊಳಗಿಂದ, ನೀರು ಸಾಗುವ ಸದ್ದು ಬಂತು.

ಮರುದಿನ ಸಂಜೆ ನಾನು ಹೋದಾಗ ಅವನು ನನ್ನ ಮುಂದೆ ಚಹಾ ಇಟ್ಟು, ನಿನ್ನೆ ತಾನು ಏನು ಹೇಳಿದೆನೆಂದು ಕೇಳಿದ. ಹೇಳಿದವರು ಕೇಳಿದರೆ ಅವರದನ್ನು ಅವರಿಗೆ ತಿರುಗಿ ಹೇಳಲು ಅಡ್ಡಿಯಿಲ್ಲ. ಬಾಸಿಂಗದ ಕತೆ ಹೇಳಿದೆ. ನನಗೆ ಕತೆ ಹೇಳಿ ರೂಢಿಯಿಲ್ಲ, ಆದರೂ ಸೀನಿನ ಹತ್ತಿರ ಬಂದಾಗ ಅವನು ನಕ್ಕ. ಬೀಗರ ಮನೆಯಲ್ಲಿ ಬೇರೆಯವರ ಮದುವೆಯ ಸುದ್ದಿ ಕೇಳಿ ನಗುತ್ತಾರಲ್ಲ, ಹಾಗೆ.

“ಛಲೋ ಹೆಣ್ಮಗಳಿದ್ದಂಗಿದ್ಲು ಬಿಡು,” ಅಂದ.

ನಾನು ಲೋಟ ಕೆಳಗಿಟ್ಟೆ. ಅವನಿಗೂ ಏನೋ ತಪ್ಪಿತೆಂದು ಅನಿಸಿರಬೇಕು. ತೊಡೆಯನ್ನು, ಬಾಸಿಂಗ ಬಿದ್ದ ಜಾಗವನ್ನು, ಅಂಗೈಯಿಂದ ಒಂದೆರಡು ಸಲ ಉಜ್ಜಿಕೊಂಡ. ಇನ್ನು ಮೇಲೆ ಕೇಳೂದಿಲ್ಲ, ನೀನೂ ಹೇಳಬ್ಯಾಡ ಎಂದ. ಆಮೇಲೆ ಅವನು ಕೇಳಲಿಲ್ಲ.

ಚಳಿ ಏರಿತು. ಮುಂಜಾನೆ ಅಂಗಳದ ಕಲ್ಲಿನ ಮೇಲೆ ಬಿಳಿ ಬಿದ್ದಿರುತ್ತಿತ್ತು. ಹಿಟ್ಟಿನ ಗಿರಣಿಯ ಓಣಿಯಲ್ಲಿ ಒಬ್ಬ ಮುದುಕ ತನ್ನ ಹೆಸರನ್ನೇ ನಳಕ್ಕೆ ಕೊಟ್ಟು ಕೂತಿದ್ದಾನೆಂದು ಸುದ್ದಿ ಬಂತು. ನಮ್ಮ ಓಣಿಯಲ್ಲಿ ಮಾತ್ರ ನೀರು ಸರಾಗ. ಸಂಗಣ್ಣ ದಾರಿಯಲ್ಲಿ ಸಿಕ್ಕಾಗಲೆಲ್ಲ ಮೇಲಿನ ಮನೆ ಹೇಗೆ ನಡೆದಿದೆ ಎಂದು ವಿಚಾರಿಸುತ್ತಿದ್ದ. ನಡೆದಿದೆ ಎನ್ನುತ್ತಿದ್ದೆ. ಗದಿಗೆಪ್ಪ ಇಷ್ಟು ಮಾತಾಡುತ್ತಾನೆಂದು ಯಾರು ತಿಳಿದಿದ್ದರು, ಹೆಂಡತಿ ಇರುವಾಗ ಪಾಪ ಅವನಿಗೆ ಸಂದು ಸಿಕ್ಕಿರಲಿಲ್ಲ ಎಂದು ಓಣಿಯ ಗಂಡಸರು ಕಟ್ಟೆಯ ಮೇಲೆ ನಗುತ್ತಿದ್ದರಂತೆ.

ಅವನು ಕೊಟ್ಟದ್ದೆಲ್ಲ ನನ್ನಲ್ಲಿದೆ, ಕೇಳಿದ್ದನ್ನು ಆಡಬಾರದು ಎಂಬುದು ನಮ್ಮ ಕಟ್ಟು. ಆದರೂ ಕೆಲವನ್ನು ಇಲ್ಲಿ ಹೇಳುತ್ತೇನೆ, ಇಲ್ಲದಿದ್ದರೆ ಅವನು ಕಳೆದುಕೊಂಡದ್ದು ಏನೆಂದು ನಿಮಗೆ ತಿಳಿಯದು. ಆಕೆ ನಿದ್ದೆಯಲ್ಲಿ ಗಿರಾಕಿಗಳ ಜೊತೆ ಚೌಕಾಶಿ ಮಾಡುತ್ತಿದ್ದದ್ದು. ಹೊಸ ಡಬ್ಬಿ ಮಾಡಿದರೆ ಮೊದಲು ಅದರೊಳಗೆ ಬಾಯಿಟ್ಟು ಅವನ ಹೆಸರು ಕೂಗಿ ನೋಡುತ್ತಿದ್ದದ್ದು. ಒಮ್ಮೆ ಹೊಟ್ಟೆಯಲ್ಲಿ ನಿಂತ ಪಿಂಡ ಇಳಿದು ಹೋದಾಗ ಆಕೆ ಅಳದೆ, ಮನೆಯಲ್ಲಿದ್ದ ತಗಡನ್ನೆಲ್ಲ ಹುಣಸೆ ಹಚ್ಚಿ ತಿಕ್ಕಿ ಬೆಳಗಿದ್ದು, ಅವನು ಪಕ್ಕದಲ್ಲಿ ಕೂತು ತಾನೂ ತಿಕ್ಕಿದ್ದು. ಇದನ್ನು ಹೇಳಿದ ಸಂಜೆ ಇಬ್ಬರೂ ಬಹಳ ಹೊತ್ತು ಏಳಲಿಲ್ಲ. ನೀರು ಮಾತ್ರ ಬೆಳದಿಂಗಳಂಥ ನೂಲಾಗಿ ಇಳಿಯುತ್ತಿತ್ತು. ಎಂಥ ಮಾತಿಗೂ ಅದು ಒಂದೇ ಹಾಗೆ ಇಳಿಯುತ್ತದೆ.

ಮೊದಮೊದಲು ಅವನು ಒಂದೊಂದನ್ನೂ ಕೊಡುವ ಮುಂಚೆ ತಡೆಯುತ್ತಿದ್ದ. ಇದು ಬೇಡ, ಇನ್ನೊಂದು ನೆನಸಿಕೊಳ್ಳುತ್ತೇನೆ ಎನ್ನುತ್ತಿದ್ದ. ಬರಬರುತ್ತ ತಡೆಯುವುದು ಕಡಿಮೆಯಾಯಿತು. ನಾನು ಹೋಗುವ ಹೊತ್ತಿಗೆ ಅವನು ಆಗಲೇ ನಳದ ಮುಂದೆ ಕೂತಿರುತ್ತಿದ್ದ, ನಾನು ಸೆರಗು ಸರಿಮಾಡಿಕೊಳ್ಳುವ ಮೊದಲೇ ಶುರುಮಾಡಿರುತ್ತಿದ್ದ. ನಿಂಬೆವ್ವ ಅನ್ನುತ್ತಿದ್ದವನು ಮನೆಯಾಕೆ ಅನ್ನತೊಡಗಿದ. ಮನೆಯಾಕೆ ಅನ್ನುತ್ತಿದ್ದವನು ಆ ಹೆಣ್ಣುಮಗಳು ಅಂದ. ನನಗೆ ಭಯವಾಗತೊಡಗಿದ್ದು ಆಗ. ಅಳುವವನು ಅಳುತ್ತ ಕೊಟ್ಟರೆ ಕೇಳುವವಳು ಎದೆ ಗಟ್ಟಿ ಮಾಡಿಕೊಂಡು ಕೇಳಬಹುದು. ಇವನು ಕಡಲೆ ಸಿಪ್ಪೆ ಬಿಡಿಸಿ ಎಸೆದಂತೆ ಕೊಡುತ್ತಿದ್ದ.

ಮನೆಗೆ ಹೋಗಿ ಸ್ವಾಮಿಯ ಮುಂದೆ ಕೂತರೆ ಪದ್ಯದ ನಡುವೆ ನಿಂಬೆವ್ವ ಬರುತ್ತಿದ್ದಳು. ಯುದ್ಧದ ವರ್ಣನೆ ನಡೆದಿರುವಾಗ ಆಕೆ ಡಬ್ಬಿಯೊಳಗೆ ಬಾಯಿಟ್ಟು ಕೂಗುತ್ತಿದ್ದಳು. ನಾನು ತಪ್ಪುತ್ತಿದ್ದೆ, ಮತ್ತೆ ಮೊದಲಿಂದ ಹಿಡಿಯುತ್ತಿದ್ದೆ. ಅಜ್ಜ ಇದ್ದಿದ್ದರೆ ಕೇಳಬಹುದಿತ್ತು, ಪಡಸಾಲೆಯಲ್ಲಿ ಬಾಯಿ ತೆರೆದು ಕೂತ ಆ ಹೊತ್ತು ಒಳಗೆ ಏನಿತ್ತು ಎಂದು. ನೋವಿತ್ತೋ, ಏನೂ ಇರಲಿಲ್ಲವೋ. ಏನೂ ಇರಲಿಲ್ಲ ಎಂದೇ ಈಗ ನನಗೆ ಅನಿಸುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಚಳಿ ಮುರಿಯುತ್ತದೆಂದು ಕಾದೆವು, ಮುರಿಯಲಿಲ್ಲ. ನಮ್ಮ ಮನೆಯಲ್ಲಿ ಕೂಸಿಗೆ ಕೆಮ್ಮು ಹತ್ತಿತ್ತು. ತಮ್ಮನ ಹೆಂಡತಿ ರುದ್ರವ್ವ ದಿನಕ್ಕೆ ನಾಲ್ಕು ಸಲ ನೀರು ಕಾಸಿ ಹಬೆ ಹಿಡಿಯುತ್ತಿದ್ದಳು. ಆಕೆ ಬಾಯಿ ಜೋರಿನವಳು, ಮನಸ್ಸು ಕೆಟ್ಟದ್ದಲ್ಲ. ನಾನು ಮೇಲಿನ ಮನೆಗೆ ಹೊರಟರೆ ದಿನಾ ಒಂದು ಮಾತು ಅನ್ನುತ್ತಿದ್ದಳು: “ಅಕ್ಕಾ, ಅವನ ಬಾಯಿ ಒಣಗದಂಗ ನೋಡ್ಕೋ. ಇಲ್ಲಿ ಈ ಕೂಸಿನ ಜೀವ ಅವನ ಬಾಯಾಗೈತಿ.” ನಾನು ಹೂಂಗುಡುತ್ತಿದ್ದೆ. ಆಕೆ ಅಂದದ್ದರಲ್ಲಿ ಸುಳ್ಳಿರಲಿಲ್ಲ.

ಒಂದು ಸಂಜೆ ಅವನು ಹೇಳುತ್ತ ಹೇಳುತ್ತ ನಡುವೆ ನಿಂತು, ಲೆಕ್ಕ ತಪ್ಪಿದವನಂತೆ ಸುತ್ತ ನೋಡಿದ. ಗೂಟದ ಮೇಲೆ ನಿಂಬೆವ್ವನ ಹಸಿರು ಸೀರೆ ಇತ್ತು. ಆಕೆ ಕೊನೆಯ ಸಲ ಒಗೆದು ಹಾಕಿದ್ದು, ಶ್ರಾವಣದಿಂದ ಅವನು ಅದನ್ನು ತೆಗೆದಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದನ್ನು ನೋಡಿ, ನಿನ್ನದೇನು ಅಂಬಕ್ಕ, ಮರೆತು ಹೋಗಿದ್ದೀಯೇನು ಎಂದು ಕೇಳಿದ. ನನ್ನದಲ್ಲ ಎಂದೆ. ಯಾರದೆಂದು ಕೇಳದೆ ಅವನು ಮತ್ತೆ ನಳದ ಕಡೆ ತಿರುಗಿದ.

ಆಮೇಲಿನ ದಿನಗಳಲ್ಲಿ ಬೆಟ್ಟದ ಗಾಳಿ ಹಗಲು ಕೂಡ ಇಳಿಯತೊಡಗಿತು. ಕಾಗೆಗಳು ಒಲೆಯ ಹೊಗೆಗಿಂಡಿಯ ಬಳಿ ಬಂದು ಕೂತವು. ಸಂಗಣ್ಣ ಮನೆ ಮನೆಗೆ ಹೋಗಿ ಬಂದು, ಎಲ್ಲರ ಬಳಿಯೂ ಮಾತು ತಳ ಮುಟ್ಟಿದೆ, ಆದರೆ ನಾಳೆಯೋ ನಾಡಿದ್ದೋ ಗಾಳಿ ತಿರುಗುತ್ತದೆ, ಗುಡಿಯ ಪೂಜಾರಿ ಧ್ವಜ ನೋಡಿ ಹೇಳಿದ್ದಾನೆ, ಇವತ್ತೊಂದು ಸಂಜೆ ಹೇಗಾದರೂ ದಾಟಿಸಬೇಕು ಎಂದ. ನಮ್ಮ ಮನೆಯಲ್ಲಿ ಕೂಸು ಬೆಳಗಿನಿಂದ ಹಾಲು ಕುಡಿದಿರಲಿಲ್ಲ. ಅಂದು ನಾನು ಒಬ್ಬಳೇ ಮೇಲೆ ಹೋಗಲಿಲ್ಲ. ಸಂಗಣ್ಣ ಕಂಬಳಿ ಹೊದ್ದು ನನ್ನ ಹಿಂದೆ ಬಂದ. ರುದ್ರವ್ವ ಕೂಸನ್ನು ಸೆರಗಿನೊಳಗೆ ಹಾಕಿಕೊಂಡು ಅವನ ಹಿಂದೆ ಬಂದಳು.

ಗದಿಗೆಪ್ಪ ನಮ್ಮನ್ನು ನೋಡಿ ಎದ್ದು ನಿಂತ. ಅವನು ಆರೋಗ್ಯವಾಗಿ ಕಂಡ. ಮುಖ ತೊಳೆದು ವಿಭೂತಿ ಹಚ್ಚಿದ್ದ, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಸುತ್ತಿಗೆ ತಗಡಿನ ಮೇಲೆ ಬಿದ್ದಿತ್ತು. ಎಲ್ಲರಿಗೂ ಮಣೆ ಕೊಟ್ಟ, ಕೂಸಿನ ಗಲ್ಲ ಮುಟ್ಟಿ, ಎಷ್ಟು ಬೆಚ್ಚಗೈತಿ ಅಂದ. ಅದು ಜ್ವರ ಎಂದು ರುದ್ರವ್ವ ಅಂದಳು. ನಳದಿಂದ ತೊಟ್ಟು ಬೀಳುತ್ತಿತ್ತು, ತೊಟ್ಟಿಗೂ ತೊಟ್ಟಿಗೂ ನಡುವೆ ಅಂತರ ಹೆಚ್ಚಾಗಿತ್ತು.

ನಾನು ನನ್ನ ಜಾಗಕ್ಕೆ ಹೋಗಿ ಕೂರಲಿದ್ದೆ. ಆಗ ಕೊಳವೆ ಕಣ್ಣಿಗೆ ಬಿತ್ತು. ಗೋಣಿಯ ಮೇಲೆ ಹಸಿರು ಪಟ್ಟಿಗಳು ಸುತ್ತಿದ್ದವು. ಸೀರೆಯನ್ನು ಉದ್ದುದ್ದ ಹರಿದು, ಅಂಚು ಹುರಿಮಾಡಿ, ಅಚ್ಚುಕಟ್ಟಾಗಿ ಬಿಗಿದಿದ್ದ. ಗೂಟ ಬರಿದಾಗಿತ್ತು.

ನಾನು ನೋಡುತ್ತಿರುವುದನ್ನು ಕಂಡು, “ಗೋಣಿ ಸಾಲಲಿಲ್ಲ,” ಅಂದ. “ಹಳೇ ಅರಿಬಿ ಒಂದಿತ್ತು. ಛಲೋ ಬೆಚ್ಚಗ ಆಗೈತಿ ನೋಡು.”

ಸಂಗಣ್ಣ ಹೊಗಳಿದ, ಹೀಗೇ ಎಲ್ಲರೂ ಮಾಡಬೇಕು ಎಂದ. ಆಮೇಲೆ ಕೈ ಜೋಡಿಸಿ, ಓಣಿಯ ಪರವಾಗಿ ಕೇಳಿಕೊಳ್ಳುತ್ತೇನೆ, ಇವತ್ತೊಂದು ಸಂಜೆ ಏನಾದರೂ ಇದ್ದರೆ ಕೊಡಪ್ಪಾ ಎಂದ. ಕೈ ಯಾಕೆ ಜೋಡಿಸುತ್ತೀರಿ ಎಂದು ಗದಿಗೆಪ್ಪ ನಾಚಿಕೊಂಡ. ಮೇಲೆ ನೋಡಿ, ಕೆಳಗೆ ನೋಡಿ, ತನ್ನೊಳಗೆ ಕೈ ಹಾಕಿ ಹುಡುಕುವವನಂತೆ ತುಸು ಹೊತ್ತು ಇದ್ದ. ಸಿಕ್ಕಿದಾಗ ಅವನ ಮುಖ ಅರಳಿತು.

“ಐತಿ, ಒಂದು ಐತಿ,” ಅಂದ. “ಯಾರೋ ಒಬ್ಬಾಕಿ ಸಾಯೂ ಮುಂದ ನನ್ನ ಕೈ ಹಿಡಕೊಂಡು ಏನೋ ಅಂದದ್ದು. ಸಣ್ಣ ಮಾತು. ಯಾಕ ಇಟ್ಟುಕೊಂಡಿದ್ನೋ ಏನೋ, ತಳದಾಗ ಬಿದ್ದಿತ್ತು. ಇವತ್ತಿಗಂತೂ ಸಾಕಾಗ್ತೈತಿ. ಕೂಡು ಅಂಬಕ್ಕ.”

ಸಂಗಣ್ಣ ಉಸಿರು ಬಿಟ್ಟ. ರುದ್ರವ್ವ ಕೂಸಿನ ತಲೆಗೆ ಸೆರಗು ಎಳೆದು, ಸ್ವಾಮಿ ದೊಡ್ಡವನು ಅಂದಳು. ಗದಿಗೆಪ್ಪ ಚಾಪೆಯ ಧೂಳು ಕೊಡವಿ ನನಗಾಗಿ ಹಾಸಿ, ನಳದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಂಗೈ ಮೇಲಾಗಿತ್ತು. ಬೆರಳುಗಳು ತುಸು ಮಡಿಚಿದ್ದವು, ಒಳಗೆ ಇನ್ನೊಂದು ಕೈ ಇರುವಷ್ಟು ಜಾಗ ಬಿಟ್ಟು. ಅದು ಅವನಿಗೆ ತಿಳಿದಿರಲಿಲ್ಲ. ಅವನು ನನ್ನ ಕಡೆ ನೋಡಿ, ಶುರುಮಾಡಲೇ ಎಂಬಂತೆ ಹುಬ್ಬು ಏರಿಸಿದ.

ನಾನು ಕೂರಲಿಲ್ಲ. ಒಂದು ತೊಟ್ಟು ಬಿತ್ತು. ಮುಂದಿನದಕ್ಕೆ ಎಲ್ಲರೂ ಕಾದೆವು. ಅದು ನಳದ ತುದಿಯಲ್ಲಿ ಮೂಡಿ, ದಪ್ಪಗಾಗಿ, ಅಲ್ಲೇ ನಿಂತಿತು.

“ಕೂಡಕ್ಕಾ,” ಅಂದಳು ರುದ್ರವ್ವ. “ಯಾಕ ನಿಂತಿ? ಕೇಳೂದಷ್ಟ ಅಲ್ಲೇನು ನಿನ್ನ ಕೆಲಸ.” ಆಕೆಯ ಸೆರಗಿನೊಳಗೆ ಕೂಸು ಕೆಮ್ಮಿತು. ಅದನ್ನು ಹುಟ್ಟಿದ ದಿನ ಮೊದಲು ಎತ್ತಿಕೊಂಡವಳು ನಾನು, ಅದರ ಕಿವಿಯಲ್ಲಿ ಅಜ್ಜನ ಪದ್ಯದ ಒಂದು ಸಾಲು ಹೇಳಿದವಳು ನಾನು. ಆಕೆ ಒಂದು ಹೆಜ್ಜೆ ಮುಂದೆ ಬಂದು ನನ್ನ ಮೊಣಕೈ ಹಿಡಿದಳು. “ನಿನ್ನ ಕಾಲಿಗೆ ಬೀಳ್ತೀನಿ, ಕೂಡು. ಒಂದ ಮಾತೈತಿ, ಕೇಳು.”

ನಾನು ಅವಳ ಕೈ ಬಿಡಿಸಿದೆ.

“ಇಲ್ಲ,” ಅಂದೆ. “ಇದನ್ನ ನಾ ಕೇಳೂದಿಲ್ಲ.”